ಫೋನ್ ಬಾರದ ಪೆಟ್ಟಿಗೆ

ನಾನು ಹೊನವಾಡದ ಶಾಲೆಯಲ್ಲಿ ಶಿಕ್ಷಕಿ. ಮನೆ ವಿಜಯಪುರದಲ್ಲಿ. ದಿನವೂ ಟಿಕೋಟಾ ದಾಟಿ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಶಾಲೆಗೂ ಮನೆಗೂ ನಡುವಿನ ಆ ಹೊತ್ತು ಮಾತ್ರ ನನ್ನದು ಎಂದುಕೊಂಡು ಮೊಬೈಲಿನಲ್ಲಿ ಹಾಡು ಹಚ್ಚಿಕೊಂಡು ಕೂಡುತ್ತಿದ್ದೆ.

ಹಾಡು ಪೂರ್ತಿ ಕೇಳಿದ್ದು ಕಡಿಮೆ. ಆಲಾಪ ಮುಗಿದು ಗಾಯಕ ಲಯಕ್ಕೆ ಬರುವಷ್ಟರಲ್ಲಿ ಗಂಡನ ಫೋನು. “ಎಲ್ಲಿ ಬಂದಿ? ಪಕ್ಕದಾಗ ಯಾರ ಕುಂತಾರ?” ಆಮೇಲೆ ಶಾಲೆಯ ಗ್ರೂಪಿನಲ್ಲಿ ಮುಖ್ಯಗುರುಗಳ ಆದೇಶ. ಮತ್ತೆ ಗಂಡ. ನಾನು ಎಲ್ಲಿದ್ದೇನೆ ಎಂಬುದು ತಮ್ಮ ಮೊಬೈಲಿನಲ್ಲಿ ಕಾಣುವಂತೆ ಅವರೇ ಮಾಡಿಕೊಂಡಿದ್ದರು. ಆದರೂ ಕೇಳುತ್ತಿದ್ದರು.

ಒಂದು ಶನಿವಾರ ಸ್ಟೇಷನ್ ರಸ್ತೆಯ ಅಂಗಡಿಯೊಂದಕ್ಕೆ ಹೋಗಿ, ಬರೀ ಹಾಡು ಕೇಳುವ ಸಣ್ಣ ಪ್ಲೇಯರ್ ಇದೆಯೇ ಎಂದು ಕೇಳಿದೆ.

“ಈಗ ಇದನ್ನ ಯಾರ ತಗೋತಾರ್ರಿ ಅಕ್ಕಾರ? ಮೊಬೈಲ್‌ನ್ಯಾಗ ಎಲ್ಲಾ ಬರ್ತಾವಲ್ರಿ,” ಎಂದ ಅಂಗಡಿಯವ.

“ಎಲ್ಲಾ ಬರ್ತಾವಂತನ ಬ್ಯಾಡಾಗೇತ್ರಿ. ಫೋನ್ ಬರಲಾರದ್ದು ಕೊಡ್ರಿ.”

ಅವನು ನಕ್ಕು ಒಳಗಿನಿಂದ ಬೆಂಕಿಪೊಟ್ಟಣದಷ್ಟು ಚಿಕ್ಕದೊಂದನ್ನು ತಂದ. ಅಲ್ಲೇ ಕುಳಿತು ಖಯಾಲು, ತತ್ವಪದ, ಹಳೆಯ ಸಿನೆಮಾ ಹಾಡು ಒಂದೊಂದಾಗಿ ಆರಿಸಿ ಹಾಕಿಸಿಕೊಂಡೆ. ಸೋಮವಾರದಿಂದ ಫೋನಿನ ಸದ್ದು ಅಡಗಿಸಿ ಬ್ಯಾಗಿನ ತಳಕ್ಕೆ ಹಾಕತೊಡಗಿದೆ. ಗಂಡನಿಗೆ ಬಸ್ಸಿನ ಗದ್ದಲದ ನೆಪ ಹೇಳುತ್ತಿದ್ದೆ.

ಅದು ಬಹಳ ದಿನ ನಡೆಯಲಿಲ್ಲ. ಒಂದು ಸಂಜೆ ಟಿಕೋಟಾದ ಹತ್ತಿರ ಬಸ್ಸಿನ ಗಾಲಿ ಪಂಕ್ಚರ್ ಆಯಿತು. ವಿಜಯಪುರದಲ್ಲಿ ಇಳಿದಾಗ ಗಂಡ ನಿಲ್ದಾಣದಲ್ಲೇ ನಿಂತಿದ್ದರು. ಹತ್ತಿರ ಬಂದವರೇ ನನ್ನ ಕಿವಿಯಿಂದ ವಾಯರ್ ಕಿತ್ತರು.

“ಯಾಕ, ಕಿವಿ ಕೆಪ್ಪ ಆಗ್ಯಾವೇನು? ಎಷ್ಟ ಸಲ ಮಾಡಬೇಕ ಫೋನು?”

ನನ್ನ ಜೊತೆ ಇಳಿದ ಇಬ್ಬರು ಶಿಕ್ಷಕಿಯರು ಬೇರೆ ಕಡೆ ನೋಡಿದರು. ಅವರು ಹಾಗೆ ನೋಡಿದ್ದು ನೆನಪಾದರೆ ಇಂದಿಗೂ ಒಳಗೆ ಉರಿಯುತ್ತದೆ.

ಮನೆಯಲ್ಲಿ ಅತ್ತೆ, “ಗಂಡನ ಫೋನ ಎತ್ತಲಾರದಂಗ ಎಂಥಾ ಹಾಡ ಬೇ ಅವು?” ಎಂದರು. ಗಂಡ ಮಾತ್ರ ಮರುದಿನ ಮೆತ್ತಗಾದರು. “ಕೊಡಿಲ್ಲಿ, ಚಲೋವು ಹಾಕಿಸ್ಕೊಂಡ ಬರ್ತೀನಿ,” ಎಂದರು. ರಾಜಿಯಾದರೆಂದು ನಂಬಿ ಕೊಟ್ಟೆ.

ಮರಳಿ ಬಂದ ಪ್ಲೇಯರನ್ನು ಬಸ್ಸಿನಲ್ಲಿ ಹಚ್ಚಿದರೆ ಯಾರೋ ಒಬ್ಬರ ಪ್ರವಚನ. ಗೃಹಿಣಿ ಹೇಗಿರಬೇಕು, ಮನೆಯ ಮಾನ ಹೇಗೆ ಕಾಯಬೇಕು. ಮುಂದೊತ್ತಿದೆ. ಅದರ ಎರಡನೆಯ ಭಾಗ. ಕಡೆಯವರೆಗೂ ಅದೇ. ನಾನು ಆರಿಸಿದ್ದ ಒಂದು ಹಾಡೂ ಉಳಿದಿರಲಿಲ್ಲ.

“ಹಳೇವು ಎಲ್ಲಿ ಹೋದವ್ರಿ?” ಎಂದು ಮನೆಗೆ ಬಂದು ಗಂಡನನ್ನು ಕೇಳಿದೆ.

“ಅಳಿಸೀನಿ. ಜಾಗಾ ಸಾಲಲಿಲ್ಲ.”

ಜಾಗ ಬೇಕಾದಷ್ಟಿತ್ತು. ಅಂದು ಮೊದಲ ಬಾರಿ ನೇರವಾಗಿ ಹೇಳಿದೆ: “ಇನ್ನ ಬಸ್ಸಿನ್ಯಾಗ ನಾ ಫೋನ್ ಎತ್ತೂದಿಲ್ರಿ. ಮನಿಗೆ ಬಂದ ಮ್ಯಾಲ ಏನ ಕೇಳ್ತೀರಿ ಕೇಳ್ರಿ.”

ನಾನು ಮತ್ತೆ ಅಂಗಡಿಗೆ ಹೋಗಿ ಹಾಡು ತುಂಬಿಸಿಕೊಂಡು ಬಂದೆ. ಗಂಡ ಫೋನ್ ಮಾಡುವುದನ್ನು ನಿಲ್ಲಿಸಿಬಿಟ್ಟರು, ಬಸ್ಸಿನಲ್ಲಿದ್ದಾಗ ಮಾತ್ರವಲ್ಲ, ಯಾವಾಗಲೂ. ಬಸ್ಸು ತಡವಾದರೆ ನಿಲ್ದಾಣಕ್ಕೂ ಬರುವುದಿಲ್ಲ. ಕಾವಲು ತೆಗೆಯಿರಿ ಎಂದು ನಾನು ಕೇಳಿದ್ದೆ. ಅವರು ಕಾಳಜಿಯನ್ನೂ ಸೇರಿಸಿ ತೆಗೆದರು. ಅಥವಾ ಅದು ಮೊದಲೂ ಇರಲಿಲ್ಲವೇನೋ.

ಹೋದ ಚಳಿಗಾಲದಲ್ಲಿ ಶಾಲೆಯಲ್ಲೇ ಜ್ವರ ಬಂತು. ನಿಲ್ಲಲಾಗದೆ ಅವರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಜೊತೆಯ ಶಿಕ್ಷಕಿಯೊಬ್ಬರು ಬಸ್ಸಿನಲ್ಲಿ ಕರೆತಂದು ನಿಲ್ದಾಣದಿಂದ ಆಟೋದಲ್ಲಿ ಮನೆಯತನಕ ಬಿಟ್ಟು ಹೋದರು. ಗಂಡ ಟಿವಿ ನೋಡುತ್ತ ಕುಳಿತಿದ್ದರು.

“ಆರಾಮ ಇಲ್ಲಂದ್ರ ಒಂದ ಫೋನ್ ಮಾಡಬೇಕಿಲ್ಲೇನು?”

“ಮಾಡಿದ್ನಿರಿ.”

“ಹೌದೇನು?” ಎಂದು ಮತ್ತೆ ಟಿವಿಯ ಕಡೆ ತಿರುಗಿದರು.

ನಾನು ಒಳಗೆ ಹೋಗಿ ಗುಳಿಗೆ ನುಂಗಿ ಮಲಗಿದೆ.