ಎದುರುಮನೆ ಕಾಕಾನ ಡೀಸೆಲ್ ಗಾಡಿ

ಹೋದ ವಾರ ರಾಯಚೂರಿನ ಪೆಟ್ರೋಲ್ ಬಂಕೊಂದರ ಮೂಲೆಯಲ್ಲಿ, ಹೊಗೆ ತಪಾಸಣೆ ಮಾಡುವ ಸಣ್ಣ ಕೋಣೆಯ ಮುಂದೆ ಕಾರು ನಿಲ್ಲಿಸಿಕೊಂಡಿದ್ದೆ. ಕಾರಿಗೆ ಹದಿನೈದು ವರ್ಷ ತುಂಬುತ್ತ ಬಂದಿದೆ. ನೋಂದಣಿ ಹೊಸದಾಗಿ ಮಾಡಿಸಬೇಕು, ಅದಕ್ಕೂ ಮೊದಲು ಈ ಹೊಗೆಯ ಪರೀಕ್ಷೆ ಪಾಸಾಗಬೇಕು. ತಪಾಸಣೆಯವನು ಸೈಲೆನ್ಸರಿನ ಬಾಯಿಗೆ ಕೊಳವೆ ಸಿಕ್ಕಿಸಿ, ಎಕ್ಸಿಲರೇಟರ್ ಜೋರಾಗಿ ಒತ್ತಲು ಹೇಳಿದ. ಒತ್ತಿದೆ. ಹಿಂದಿನಿಂದ ಕರ್ರಗಿನ ಹೊಗೆ ಎದ್ದು ಕಿಟಕಿಯೊಳಗೆ ಬಂತು. ಸುಟ್ಟ ಡೀಸೆಲ್ಲಿನ ಆ ಘಾಟು ಮೂಗಿಗೆ ಬಡಿದದ್ದೇ ತಡ, ದೇವದುರ್ಗದ ನಮ್ಮ ಓಣಿ, ಎದುರುಮನೆ ಕಾಕಾ, ಅವನ ಬಿಳಿ ಗಾಡಿ ಎಲ್ಲ ಒಟ್ಟಿಗೆ ನೆನಪಾದವು. ನೆನಪಿನ ಹಿಂದೆಯೇ ಹೊಟ್ಟೆಯುರಿಯೂ ಬಂತು. ಸತ್ತವನ ಮೇಲೆ ಎಂಥ ಹೊಟ್ಟೆಯುರಿ ಎಂದು ನೀವು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ, ಕಡಿಮೆಯಾಗಿಲ್ಲ.

ಕಾಕಾ ನಮಗೆ ಬಳಗದವನಲ್ಲ. ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟಿದ್ದ. ಓಣಿಯಲ್ಲಿ ಅವನಿಗಿಂತ ಸಣ್ಣವರಿಗೆಲ್ಲ ಕಾಕಾ ಆಗಿದ್ದ. ದಪ್ಪ ದನಿ, ಬಾಯಿತುಂಬ ಎಲೆ ಅಡಿಕೆ, ಯಾರ ಮಾತನ್ನೂ ಪೂರ್ತಿ ಕೇಳುವ ತಾಳ್ಮೆ ಇಲ್ಲ. ನಮ್ಮ ಓಣಿಗೆ ಮೊದಲು ಬಂದ ಕಾರು ಅವನದು. ಡೀಸೆಲ್ ಗಾಡಿ. ಟ್ರ್ಯಾಕ್ಟರಿನಷ್ಟು ಸಪ್ಪಳ ಮಾಡುತ್ತಿತ್ತು. ಚಾವಿ ತಿರುವಿ, ಹೀಟರಿನ ದೀಪ ಆರುವವರೆಗೆ ಕಾದು, ಆಮೇಲೆ ಚಾಲೂ ಮಾಡಬೇಕಿತ್ತು. ಆ ಹೊತ್ತಿನಲ್ಲಿ ಕಾಕಾ ಕಿಟಕಿಯಿಂದ ತಲೆ ಹೊರಹಾಕಿ ಹೋಗಿಬರುವವರನ್ನೆಲ್ಲ ಮಾತಾಡಿಸುತ್ತಿದ್ದ.

ಆ ಗಾಡಿ ಹೆಸರಿಗಷ್ಟೇ ಕಾಕಾನದು. ಹೆರಿಗೆ ನೋವು ಬರಲಿ, ಹಾವು ಕಡಿಯಲಿ, ಯಾರಾದರೂ ಮಾಳಿಗೆಯಿಂದ ಬಿದ್ದು ಕಾಲು ಮುರಿದುಕೊಳ್ಳಲಿ, ರಾಯಚೂರಿನ ದವಾಖಾನೆಗೆ ಹೋಗಬೇಕೆಂದರೆ ಜನ ಓಡುತ್ತಿದ್ದುದು ಅವನ ಬಾಗಿಲಿಗೆ. ಊಟಕ್ಕೆ ಕೂತಿದ್ದರೂ ಕೈ ತೊಳೆದುಕೊಂಡು ಏಳುತ್ತಿದ್ದ. ಅಮಾವಾಸ್ಯೆಗೆ ದೇವಸುಗೂರಿನ ಗುಡಿಗೆ ಹೊರಟನೆಂದರೆ ಹಿಂದಿನ ಸೀಟಿನಲ್ಲಿ ಒಬ್ಬರ ತೊಡೆಯ ಮೇಲೊಬ್ಬರು. ದಾರಿಯುದ್ದಕ್ಕೂ ಅವನ ಭಾಷಣ ಕೇಳಬೇಕು, ಬಾಡಿಗೆ ಅಂದರೆ ಅದೊಂದೇ. ಹೀಗಾಗಿ ಓಣಿಯಲ್ಲಿ ತೊಟ್ಟಿಲು ಕಟ್ಟಿದರೂ ಮೊದಲ ಕರೆ ಕಾಕಾನಿಗೆ, ಯಾರ ಮನೆಯಲ್ಲಿ ಹೋಳಿಗೆ ಮಾಡಿದರೂ ಮೊದಲ ತಟ್ಟೆ ಕಾಕಾನಿಗೆ. ನಮ್ಮ ಮನೆಗೂ ಹೋಳಿಗೆ ಬರುತ್ತಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆಮೇಲೆ ಬರುತ್ತಿತ್ತು, ತಣ್ಣಗಾಗಿ.

ನನ್ನದು ಬಟ್ಟೆ ಅಂಗಡಿ. ವ್ಯಾಪಾರ ಸ್ವಲ್ಪ ಕೈಹತ್ತಿದ ಮೇಲೆ ನಾನೂ ಕಾರು ತಂದೆ. ಅದೂ ಡೀಸೆಲ್ಲೇ, ಆದರೆ ಹೊಸ ನಮೂನೆಯದು. ಹೊಗೆ ಕಣ್ಣಿಗೆ ಕಾಣುತ್ತಿರಲಿಲ್ಲ, ಸಪ್ಪಳ ಬಾಗಿಲು ದಾಟುತ್ತಿರಲಿಲ್ಲ. ಓಣಿಯವರೆಲ್ಲ ಬಂದು ಪೇಡೆ ತಿಂದು ಭಾಳ ಛಲೋ ಅದ ಎಂದರು. ಇನ್ನು ಮೇಲೆ ಯಾರಿಗೆ ಏನಾದರೂ ನನ್ನ ಬಾಗಿಲಿಗೇ ಬರುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಕವರ್ ಹರಿದ ಸೀರೆಗೆ ಗಿರಾಕಿಗಳು ಮೂಗು ಮುರಿಯುತ್ತಾರೆಂಬುದನ್ನು ಕಂಡು ಬೆಳೆದವನು ನಾನು. ಹಾಗಾಗಿ ಸೀಟುಗಳ ಮೇಲಿನ ಪ್ಲಾಸ್ಟಿಕ್ ಕವರ್ ತೆಗೆದಿರಲಿಲ್ಲ. ಹತ್ತುವವರು ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡೇ ಹತ್ತಬೇಕಿತ್ತು. ನನ್ನ ಹೆಂಡತಿ ಕೂಡ.

ಒಂದು ಮಧ್ಯಾಹ್ನ ಮೂಲೆಮನೆಯ ಅಜ್ಜನಿಗೆ ಎದೆನೋವು ಬಂತು. ನಾನು ಮನೆಯ ಮುಂದೆ ಕಾರು ಒರೆಸುತ್ತ ನಿಂತಿದ್ದೆ. ಚಾವಿ ಜೇಬಿನಲ್ಲೇ ಇತ್ತು. ಅಜ್ಜನ ಮಗ ಓಡಿಬಂದ. ನಾನು ಬಟ್ಟೆ ಕೊಡವಿ ಬಾಗಿಲು ತೆಗೆಯಲು ಕೈಹಾಕಿದೆ.

"ಅಣ್ಣಾರ, ಗಾಡಿ ಸ್ವಲ್ಪ ಸರಿಸ್ರಿ. ಕಾಕಾನ ಗಾಡಿ ಹೊರಗ ಬರಬೇಕು" ಎಂದ.

ಸರಿಸಿದೆ. ಮತ್ತೇನು ಮಾಡಲಿ? ಕಾಕಾ ಅಜ್ಜನನ್ನು ಒರಗಿಸಿಕೊಂಡು ಹೊಗೆಯೆಬ್ಬಿಸುತ್ತ ಹೋದ. ಅಜ್ಜ ಉಳಿದ. ಓಣಿಯೆಲ್ಲ ಕಾಕಾನ ಗುಣಗಾನ. ಅಂದು ರಾತ್ರಿ ನನಗೆ ಊಟ ಸೇರಲಿಲ್ಲ. ಅಜ್ಜ ಉಳಿದದ್ದಕ್ಕೆ ಸಂತೋಷವೇ, ಆದರೆ ಅವನನ್ನು ಉಳಿಸಿದ ಗಾಡಿ ನನ್ನದಾಗಬಾರದಿತ್ತೇ ಎಂದು ಮೈಯೆಲ್ಲ ಉರಿಯುತ್ತಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ನಮ್ಮ ಮನೆಯೊಳಗಿಂದಲೇ ಬಿತ್ತು. ಅವ್ವ ಮಲ್ಲಟದಲ್ಲಿ ತವರಿನವರ ಮದುವೆ ಮುಗಿಸಿ ಬಂದಿದ್ದಳು. ಬಿಸಿಲಿಗೋ ಊಟಕ್ಕೋ, ಮರುದಿನ ಬೆಳಗಿನಿಂದ ವಾಂತಿಭೇದಿ ಹಿಡಿಯಿತು. ಊರಿನ ಡಾಕ್ಟರು ತಡ ಮಾಡದೆ ರಾಯಚೂರಿಗೆ ಒಯ್ಯಿರಿ ಎಂದರು. ನಾನು ಕಾರು ತಂದು ಹೊಸಿಲಿಗೆ ಹಚ್ಚಿ ನಿಲ್ಲಿಸಿದೆ. ಅವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡು ಕಾರನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ನಿನ್ನ ಗಾಡ್ಯಾಗ ವಾಂತಿ ಬಂದ್ರ ಎಲ್ಲಿ ಮಾಡ್ಲಪಾ ನಾ? ಎದುರುಮನಿ ಅಣ್ಣನ್ನ ಕರಿ" ಎಂದಳು.

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಕಾಕಾ ಬಂದ, ಹಿಂದಿನ ಸೀಟಿನಲ್ಲಿ ಹಳೆಯ ಕೌದಿ ಹಾಸಿದ, ನನ್ನ ಹೆಂಡತಿಯನ್ನೂ ಕೂಡಿಸಿಕೊಂಡು ಹೊರಟೇಬಿಟ್ಟ. ನಾನು ಖಾಲಿ ಕಾರು ಹೊಡೆದುಕೊಂಡು ಅವರ ಹಿಂದೆ ಹೊರಟೆ. ದೇವದುರ್ಗದಿಂದ ಗಬ್ಬೂರು ದಾಟಿ ರಾಯಚೂರಿನವರೆಗೂ ಅವನ ಹೊಗೆ ಕುಡಿದುಕೊಂಡು ಹೋದೆ. ನಡುವೆ ಒಂದೆರಡು ಸಲ ಕಾಕಾ ಕಿಟಕಿಯಿಂದ ಕೈ ಹೊರಹಾಕಿ, ಮುಂದೆ ಹೋಗು ಎಂದು ಸನ್ನೆ ಮಾಡಿದ. ಹೋಗಲಿಲ್ಲ. ಖಾಲಿ ಗಾಡಿ ಮುಂದೆ ಹೋಗಿ ಮಾಡುವುದೇನು... ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದ ಮೇಲೆ ಅವ್ವನ ಮುಖಕ್ಕೆ ಕಳೆ ಬಂತು. ಯಾರು ಕರೆತಂದರೆಂದು ನರ್ಸ್ ಕೇಳಿದಾಗ ಅವ್ವ ಬೆರಳು ಮಾಡಿದ್ದು ಕಾಕಾನ ಕಡೆಗೆ.

ಊರಿಗೆ ಬಂದವನೇ ಪ್ಲಾಸ್ಟಿಕ್ ಕವರನ್ನೆಲ್ಲ ಕಿತ್ತು ತಿಪ್ಪೆಗೆ ಎಸೆದೆ. ಚಪ್ಪಲಿ ಹಾಕಿಕೊಂಡೇ ಹತ್ತಿರಿ ಎಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದೆ. ನಕ್ಕರು. ಆದರೂ ಯಾರೂ ಬರಲಿಲ್ಲ. ಅವರ ಕಾಲಿಗೆ ಕಾಕಾನ ಮನೆಯ ದಾರಿ ರೂಢಿಯಾಗಿಬಿಟ್ಟಿತ್ತು.

ವರ್ಷ ಕಳೆದಂತೆ ಕಾಕಾನ ಗಾಡಿ ಮುದಿಯಾಯಿತು, ಹೊಗೆ ಹೆಚ್ಚಾಯಿತು. ಬೆಳಿಗ್ಗೆ ಚಾಲೂ ಮಾಡಿದರೆ ಓಣಿಯೆಲ್ಲ ಮಬ್ಬು. ಮೂಲೆಮನೆಯ ಸೊಸೆಗೆ ಒಂದು ಕೂಸು, ಅದಕ್ಕೆ ಹುಟ್ಟಿನಿಂದಲೇ ಉಬ್ಬಸ. ಒಂದು ದಿನ ಅವಳು ಸೆರಗಿನ ತುದಿ ತಿರುವುತ್ತ ಬಂದು, ಕೂಸಿಗೆ ತ್ರಾಸಾಗುತ್ತದೆ, ಗಾಡಿಯನ್ನು ಮನೆ ಮುಂದೆ ಚಾಲೂ ಮಾಡಬೇಡಿ ಎಂದು ಕಾಕಾನನ್ನು ಕೇಳಿಕೊಂಡಳು. ಅವಳನ್ನು ಹೆರಿಗೆಗೆ ಕರೆದೊಯ್ದದ್ದು ಅದೇ ಗಾಡಿ. ನಮ್ಮ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡ ನನಗೆ ಬಿಸಿಲಿನಲ್ಲಿ ಮಜ್ಜಿಗೆ ಕುಡಿದಷ್ಟು ಹಿತವಾಯಿತು. ಈಗ ಓಣಿ ಅವನಿಂದ ದೂರವಾಗುತ್ತದೆ ಎಂದುಕೊಂಡೆ.

ಆದದ್ದೇ ಬೇರೆ. ಮರುದಿನದಿಂದ ಕಾಕಾ ಒಂದು ಕೈ ಸ್ಟೀರಿಂಗಿನ ಮೇಲಿಟ್ಟು, ಹೆಗಲು ಕೊಟ್ಟು, ಗಾಡಿಯನ್ನು ದೊಡ್ಡ ರಸ್ತೆಯವರೆಗೆ ದಬ್ಬಿಕೊಂಡು ಹೋಗಿ ಅಲ್ಲಿ ಚಾಲೂ ಮಾಡತೊಡಗಿದ. ಅದನ್ನು ಕಂಡು ಓಣಿಯವರು ಕೈ ಹಚ್ಚಿದರು. ನಾಕೈದು ದಿನದಲ್ಲಿ ಅದೊಂದು ಪದ್ಧತಿಯೇ ಆಯಿತು. ಹಲ್ಲುಜ್ಜುತ್ತಿದ್ದವರು ಬಂದರು, ನೀರಿಗೆ ಹೊರಟವರು ಕೊಡ ಇಳಿಸಿ ಬಂದರು, ಆ ಸೊಸೆಯೂ ಕೂಸನ್ನು ಅತ್ತೆಯ ಕೈಗೆ ಕೊಟ್ಟು ಬಂದು ದಬ್ಬಿದಳು. ನಗು, ಚೇಷ್ಟೆ, ಕಾಕಾನ ಬೈಗುಳ. ನನ್ನ ಕಾರು ಮಾತ್ರ ಹೊಗೆಯಿಲ್ಲದೆ, ಸಪ್ಪಳವಿಲ್ಲದೆ, ಒಂದೇ ಸಲಕ್ಕೆ ಚಾಲೂ ಆಗುತ್ತಿತ್ತು. ಅದರ ಹತ್ತಿರ ಒಬ್ಬರೂ ಬರುತ್ತಿರಲಿಲ್ಲ. ಹೊಗೆ ಉಗುಳಿದರೂ ಅವನಿಗೇ ಜನ!

ಅವನ ಗಾಡಿಗೆ ಹದಿನೈದು ವರ್ಷ ತುಂಬಿದಾಗ ರಾಯಚೂರಿಗೆ ತಪಾಸಣೆಗೆ ಒಯ್ದ. ಹೊಗೆ ಮಿತಿ ಮೀರಿದೆ, ಇಂಜಿನ್ ಕೆಲಸ ಮಾಡಿಸಿಕೊಂಡು ಬನ್ನಿ ಎಂದು ತಿರುಗಿಸಿ ಕಳಿಸಿದರು. ಮೆಕ್ಯಾನಿಕ್ಕು ಸಾಮಾನು ಸಿಗುವುದಿಲ್ಲ ಎಂದ. ತೆಲಂಗಾಣದ ಕಡೆಯ ದಲ್ಲಾಳಿಯೊಬ್ಬ ಬಂದು, ನಮ್ಮ ಹಳ್ಳಿಗಳಲ್ಲಿ ಕಾಗದ ಕೇಳುವವರಿಲ್ಲ, ನನಗೆ ಕೊಡಿ ಎಂದ. ಅಲ್ಲೂ ಕೂಸುಗಳು ಇರುತ್ತವಲ್ಲ ಎಂದು ಕಾಕಾ ಅವನನ್ನು ಚಹಾ ಕುಡಿಸಿ ಕಳಿಸಿದ. ಕೊನೆಗೆ ಗುಜರಿಗೆ ಕೊಡುವುದೆಂದಾಯಿತು.

ಒಯ್ಯಲು ಲಾರಿ ಬಂದ ದಿನ ಓಣಿಯಲ್ಲಿ ಯಾರೂ ಒಳಗಿರಲಿಲ್ಲ. ಹೆಂಗಸರು ಗಾಡಿಗೆ ಅರಿಷಿಣ ಕುಂಕುಮ ಹಚ್ಚಿ ಆರತಿ ಬೆಳಗಿದರು. ಗಬ್ಬೂರಿನ ಹತ್ತಿರ ಅದೇ ಗಾಡಿಯಲ್ಲಿ ಹುಟ್ಟಿದ ಹುಡುಗಿ, ಆಗಲೇ ಹೈಸ್ಕೂಲಿಗೆ ಹೋಗುವವಳು, ಸ್ಟೀರಿಂಗಿಗೆ ಮಲ್ಲಿಗೆ ದಂಡೆ ಕಟ್ಟಿದಳು. ನಮ್ಮವ್ವ ಕಣ್ಣೀರು ಹಾಕಿದಳು. ಅಪ್ಪ ಸತ್ತಾಗ ಅತ್ತ ಹಾಗೆಯೇ, ಸೆರಗು ಬಾಯಿಗೆ ಒತ್ತಿಕೊಂಡು. ಕಾಕಾ ಮಾತ್ರ ಹಗ್ಗ ಬಿಗಿಯಾಗಿಲ್ಲವೆಂದು ಲಾರಿಯವನ ಮೇಲೆ ಕೂಗಾಡುತ್ತಿದ್ದ. ಲಾರಿ ತಿರುವಿನಲ್ಲಿ ಮರೆಯಾದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದ... ನನಗೋ ಒಳಗೊಳಗೇ ಒಂದೇ ವಿಚಾರ, ಇನ್ನು ನನ್ನ ಸರದಿ.

ಸರದಿ ಬರಲಿಲ್ಲ. ಅಷ್ಟರಲ್ಲಿ ಫೋನ್ ಮಾಡಿದರೆ ಅಂಬುಲೆನ್ಸ್ ಬಾಗಿಲಿಗೆ ಬರುತ್ತಿತ್ತು. ಒಬ್ಬೊಬ್ಬರಾಗಿ ಓಣಿಯವರೂ ತಮ್ಮ ತಮ್ಮ ಕಾರು ಕೊಂಡರು. ನಾನು ಅಂಗಡಿಯಿಂದ ಬಂದು ಚಾವಿಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ ಕಾಯುತ್ತಿದ್ದೆ. ಯಾರಿಗೂ ಕೆಡುಕು ಬಯಸಿದವನಲ್ಲ, ಆದರೆ ಓಣಿಯಲ್ಲಿ ಯಾರಾದರೂ ಓಡುವ ಸಪ್ಪಳ ಕೇಳಿದರೆ ಕಿವಿ ನೆಟ್ಟಗಾಗುತ್ತಿತ್ತು.

ಒಂದು ಬೆಳಿಗ್ಗೆ ಕಾಕಾನೇ ಬಂದ. ನಮ್ಮ ಕಟ್ಟೆಯ ಮೇಲೆ ಒಂದು ಕೈಯೂರಿ ಕೂತು, "ತಮ್ಮಾ, ಗಾಡಿ ಖಾಲಿ ಅದ ಏನು? ರಾಯಚೂರಿಗೆ ಹೋಗಬೇಕಾಗ್ಯಾದ" ಎಂದ.

ಅವನ ಹಣೆಯ ಬೆವರು, ಎದೆಗೆ ಒತ್ತಿಕೊಂಡ ಇನ್ನೊಂದು ಕೈ ನನಗೆ ಕಂಡದ್ದು ಆಮೇಲೆ. ಮೊದಲು ಆದದ್ದು ಸಂತೋಷ. ಇಷ್ಟು ವರ್ಷಕ್ಕೆ ಒಬ್ಬರು ಬಂದು ಕೇಳಿದರಲ್ಲ ಎಂಬ ಸಂತೋಷ! ಎದೆ ಹಿಡಿದುಕೊಂಡ ಮನುಷ್ಯನ ಮುಂದೆ ನನ್ನ ಮುಖ ಅರಳಿತ್ತು. ಕಾಕಾ ಅದನ್ನು ನೋಡಿದನೋ ಇಲ್ಲವೋ... ನೋಡಿರಬೇಕು, ಅವನ ಕಣ್ಣು ತಪ್ಪಿಸುವುದು ಕಷ್ಟವಿತ್ತು. ಅವನ ಹೆಂಡತಿ ಕಾಕಿ ಹಿಂದೆ ಕೂತಳು, ಅವನು ಮಾತ್ರ ನಾನು ಬೇಡವೆಂದರೂ ಮುಂದೆ ನನ್ನ ಪಕ್ಕ ಕೂತ. ಆ ನೋವಿನಲ್ಲೂ ಗೇರ್ ತಡವಾಗಿ ಹಾಕುತ್ತಿ, ತಗ್ಗು ನೋಡುವುದಿಲ್ಲ ಎಂದು ರಾಯಚೂರು ಮುಟ್ಟುವವರೆಗೂ ಬೈದ.

ಅಂದು ಬದುಕಿದ. ಆಮೇಲೆ ತಿಂಗಳಿಗೊಮ್ಮೆ ರಾಯಚೂರಿನಲ್ಲಿ ತೋರಿಸಿಕೊಂಡು ಬರಬೇಕಿತ್ತು. ಹೋಗುವ ದಿನ ಮೊದಲೇ ಗೊತ್ತಿದ್ದರೂ ಪ್ರತಿ ಸಲ ಕಟ್ಟೆಗೆ ಬಂದು, ಗಾಡಿ ಖಾಲಿ ಅದ ಏನು ಎಂದು ಹೊಸದಾಗಿ ಕೇಳುತ್ತಿದ್ದ. ನಾನೂ ಸ್ವಲ್ಪ ವಿಚಾರ ಮಾಡಿದವನಂತೆ ಮಾಡಿ, ಅದ ಕಾಕಾ ಎನ್ನುತ್ತಿದ್ದೆ. ಮಾನ್ವಿಯಲ್ಲಿ ಅವನ ಅಳಿಯ ಆಗಲೇ ಬ್ಯಾಟರಿ ಕಾರು ತಂದಿದ್ದ. ಹೊಗೆಯಿಲ್ಲ, ಸಪ್ಪಳವಿಲ್ಲ, ನಾನೇ ಕರೆದೊಯ್ಯುತ್ತೇನೆ ಎಂದು ದುಂಬಾಲು ಬಿದ್ದಿದ್ದನಂತೆ. ಇದನ್ನು ನನಗೆ ಹೇಳಿದ್ದು ಕಾಕಿ, ಕಾಕಾ ಹೋದ ಮೇಲೆ. ಅಳಿಯನಿಗೆ ಕಾಕಾ ಹೇಳಿದ್ದು ಒಂದೇ ಮಾತಂತೆ.

"ಬ್ಯಾಡ. ಎದುರುಮನ್ಯಾವ ಬಾಗಲಾ ಕಾಯಾಕತ್ತಾನ."

ಕಾಕಾ ಹೋದದ್ದು ಅಡತಿ ಅಂಗಡಿಯಲ್ಲಿ, ಗಾದಿಗೆ ಒರಗಿ ಕೂತಲ್ಲೇ. ಯಾವ ಗಾಡಿಯೂ ಬೇಕಾಗಲಿಲ್ಲ. ಅವನನ್ನು ಮಣ್ಣು ಮಾಡಲು ಸೇರಿದ ಜನರನ್ನು ನೋಡಿ ಅವತ್ತೂ ನನಗೆ ಹೊಟ್ಟೆ ಉರಿಯಿತು, ಅಳುತ್ತಲೇ ಉರಿಯಿತು.

ಹೋದ ವಾರದ ತಪಾಸಣೆಯವನು ಕೊಳವೆ ಎಳೆದುಕೊಂಡು ತಲೆ ಅಲ್ಲಾಡಿಸಿದ. ಪಾಸಾಗಲಿಲ್ಲ. ಮಗ ಫೋನಿನಲ್ಲಿ, ಇನ್ನು ಅದಕ್ಕೆ ಖರ್ಚು ಮಾಡಬೇಡಪ್ಪಾ, ಗುಜರಿಗೆ ಕೊಟ್ಟು ಬ್ಯಾಟರಿ ಕಾರು ತರೋಣ ಎಂದ. ಅವನು ಹೇಳುವುದು ಸರಿಯೇ. ಕಣ್ಣಿಗೆ ಕಾಣದಿದ್ದ ನನ್ನ ಹೊಗೆಯೂ ಈಗ ಕಾಣುತ್ತಿದೆ, ನಮ್ಮ ಓಣಿಯಲ್ಲಿ ಈಗಲೂ ಕೂಸುಗಳಿವೆ. ಕೊಡುತ್ತೇನೆಂದು ಒಪ್ಪಿಕೊಂಡು ದೇವದುರ್ಗದ ದಾರಿ ಹಿಡಿದೆ. ಪಕ್ಕದ ಸೀಟಿನಿಂದ ಯಾರೂ ಬೈಯಲಿಲ್ಲ.

ನಾಡಿದ್ದು ಲಾರಿ ಬರುತ್ತದೆ. ಓಣಿಯಲ್ಲಿ ಈಗ ಎಲ್ಲರ ಮನೆ ಮುಂದೆಯೂ ಕಾರು ನಿಂತಿದೆ, ಬಾಗಿಲು ಹಾಕಿಕೊಂಡು ಎಲ್ಲರೂ ಒಳಗಿರುತ್ತಾರೆ. ನನ್ನ ಗಾಡಿಗೆ ಕುಂಕುಮ ಹಚ್ಚಲು, ಹಗ್ಗ ಸರಿಯಾಗಿ ಬಿಗಿಯಲಿಲ್ಲವೆಂದು ಲಾರಿಯವನ ಮೇಲೆ ಕೂಗಾಡಲು ಯಾರು ಹೊರಗೆ ಬರುತ್ತಾರೆ ಎಂದು ಒಂದೊಂದೇ ಬಾಗಿಲು ಎಣಿಸಿ ನೋಡಿದೆ. ಬರುತ್ತಿದ್ದವನು ಕಾಕಾ ಒಬ್ಬನೇ.