ಪೂಜೆಯಾದ ಗಾಲಿ ಬಿಚ್ಚಬಾರದು

ಕಳೆದ ತಿಂಗಳು ಅರಕಲಗೂಡಿನ ಸಂತೆಮಾಳದ ಬದಿಯಲ್ಲಿ ನಾನು ಬಸ್ಸಿಗಾಗಿ ಕಾಯುತ್ತಿದ್ದಾಗ, ರೈತರೊಬ್ಬರು ಎತ್ತಿನ ಗಾಡಿಯ ಗಾಲಿಯನ್ನು ಅರ್ಧ ಹೊರಗೆಳೆದು ಅಚ್ಚಿಗೆ ಕೀಲೆಣ್ಣೆ ಹಚ್ಚುತ್ತಿದ್ದರು. ಸುಟ್ಟ ಹುಲ್ಲಿನ ಕರಿಯನ್ನು ಹರಳೆಣ್ಣೆಯಲ್ಲಿ ಕಲಸಿ ಮಾಡುವ ಆ ಎಣ್ಣೆಯ ವಾಸನೆ ಈಗ ಅಪರೂಪ. ನಾನು ಹತ್ತಬೇಕಾಗಿದ್ದ ಬಸ್ಸು ಬಂದು ಹೋದುದೂ ನನ್ನ ಗಮನಕ್ಕೆ ಬರಲಿಲ್ಲ... ಆ ವಾಸನೆಯೊಂದಿಗೆ ನೆನಪಿಗೆ ಬಂದವರು, ಹೊಳೆನರಸೀಪುರದಲ್ಲಿ ನಮ್ಮ ಬೀದಿಯಲ್ಲೇ ವಾಸವಾಗಿದ್ದ ಲಾರಿಯ ಮಾಲೀಕರು. ಊರಿನವರೆಲ್ಲ ಅವರನ್ನು ಸಾಹುಕಾರರೆಂದೇ ಕರೆಯುತ್ತಿದ್ದರು. ನಾನು ಕಚೇರಿಯಲ್ಲಿ ಪತ್ರಗಳನ್ನು ಬರೆದವಳೇ ಹೊರತು ಇಂತಹ ಲೇಖನವನ್ನು ಹಿಂದೆಂದೂ ಬರೆದವಳಲ್ಲ. ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ.

ತೊಂಬತ್ತರ ದಶಕದಲ್ಲಿ ನನ್ನ ಪತಿಯವರು ಸದರಿ ಸಾಹುಕಾರರ ಲಾರಿಯ ಚಾಲಕರಾಗಿದ್ದರು. ಹಾಸನದ ಆಲೂಗಡ್ಡೆ, ಅರಕಲಗೂಡಿನ ಹೊಗೆಸೊಪ್ಪು, ಚನ್ನರಾಯಪಟ್ಟಣದ ತೆಂಗಿನಕಾಯಿ, ಆಯಾ ಕಾಲಕ್ಕೆ ತಕ್ಕ ಬಾಡಿಗೆ. ಸಾಹುಕಾರರ ತಂದೆಯವರು ಗಾಡಿ ಹೊಡೆದು ಬದುಕಿದವರು. ಆ ಮನೆಯವರ ಕೈಯಿಂದ ಕೀಲೆಣ್ಣೆ ಹಚ್ಚಿಸಿಕೊಂಡ ಗಾಲಿ ನಡುದಾರಿಯಲ್ಲಿ ನಿಲ್ಲುವುದಿಲ್ಲವೆಂದು ಸುತ್ತಲಿನ ಹಳ್ಳಿಗಳಲ್ಲಿ ನಂಬಿಕೆಯಿತ್ತು. ಕಾಲ ಬದಲಾದರೂ ನಂಬಿಕೆ ಬದಲಾಗಲಿಲ್ಲ. ಯಾರೇ ಹೊಸ ಟ್ರ್ಯಾಕ್ಟರ್ ತಂದರೂ ಮೊದಲು ಸಾಹುಕಾರರನ್ನು ಕರೆಸಿ, ಗಾಲಿಗೆ ಒಂದು ಬೆರಳು ಎಣ್ಣೆ ಮುಟ್ಟಿಸಿಯೇ ಹೊಲಕ್ಕೆ ಇಳಿಸುತ್ತಿದ್ದರು. ತಮ್ಮ ಕೈಗುಣದ ಮಾತು ಬಂದಾಗ ಅವರ ಮುಖ ಅರಳುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ನನ್ನ ಪತಿಯವರಿಗೆ ಮಳೆಗಾಲದ ಭಯ ಬೇರೆಯೇ ಇತ್ತು. ಬಾಡಿಗೆಯಿಲ್ಲದೆ ಲಾರಿ ಒದ್ದೆಯಲ್ಲಿ ನಿಂತರೆ ಬ್ರೇಕಿನ ಒಳಭಾಗಗಳು ತುಕ್ಕು ಹಿಡಿದು ಜಾಮ್ ಆಗುತ್ತವೆ. ಆಮೇಲೆ ಒಂದು ಗಾಲಿ ಹಿಡಿದರೆ ಇನ್ನೊಂದು ಹಿಡಿಯುವುದಿಲ್ಲ. ಆದ್ದರಿಂದ ಅವರು ಲಾರಿಯನ್ನು ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯದೆ ಗಾಲಿಗೆ ಕಲ್ಲು ಕೊಡುತ್ತಿದ್ದರು. ಬಾಡಿಗೆಯಿಲ್ಲದ ದಿನಗಳಲ್ಲಿಯೂ ಆಗಾಗ ಹೊಳೆಯವರೆಗೆ ಓಡಿಸಿ, ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಂಡು ಬರುತ್ತಿದ್ದರು. ಮಳೆ ಮುಗಿದ ಮೇಲೆ ಗಾಲಿ ಬಿಚ್ಚಿ, ತುಕ್ಕು ಉಜ್ಜಿ, ತಿರುಗುವ ಕೀಲಿಗೆ ಮಾತ್ರ ಚೂರೇ ಗ್ರೀಸ್ ಕೊಟ್ಟು, ಹೆಚ್ಚಾದುದನ್ನು ಒರೆಸಿ ತೆಗೆಯುತ್ತಿದ್ದರು. ಬ್ರೇಕ್ ಹಿಡಿಯುವ ಲೈನಿಂಗಿಗೆ ಒಂದು ತೊಟ್ಟು ಜಿಡ್ಡು ತಾಗಿದರೂ ಬ್ರೇಕ್ ಜಾರುತ್ತದೆಂಬುದು ಅವರಿಗೆ ತಿಳಿದಿತ್ತು. ಹಗಲೆಲ್ಲ ಲಾರಿಯ ಕೆಳಗೇ ಇರುತ್ತಿದ್ದ ಅವರನ್ನು ಕಂಡು ಲಾರಿ ಸ್ಟ್ಯಾಂಡಿನವರು "ಏನ್ ಬ್ರೇಕ್ ಡಾಕ್ಟ್ರೇ, ರೋಗಿ ಎಂಗದೆ?" ಎಂದು ನಗುತ್ತಿದ್ದರು. ಇವರೂ ನಗುತ್ತಿದ್ದರು.

ಪ್ರತಿ ಆಯುಧಪೂಜೆಯಂದು ಸಾಹುಕಾರರು ಲಾರಿಗೂ ಕೀಲೆಣ್ಣೆ ಮುಟ್ಟಿಸಬೇಕಿತ್ತು. ನನ್ನ ಪತಿಯವರು ಅದಕ್ಕೆ ಅಡ್ಡಿಪಡಿಸಿದವರಲ್ಲ. ಹೊರಗೆ ಕಾಣುವ ಗಾಲಿಯ ನಟ್ಟುಗಳನ್ನು ತೋರಿಸಿ, "ಇಲ್ಲಿಕ್ಕಿ ಸಾವ್ಕಾರ್ರೆ, ಇದೇ ಇದ್ರ ಕೀಲು" ಎನ್ನುತ್ತಿದ್ದರು. ಸಾಹುಕಾರರೂ ತೃಪ್ತರಾಗುತ್ತಿದ್ದರು. ಹೀಗೆಯೇ ಹಲವು ವರ್ಷ ನಡೆಯಿತು.

ಆ ವರ್ಷ ಮಾತ್ರ, ಸಾಹುಕಾರರ ಅಂಗಳದಲ್ಲಿ ಹಿಂದಿನ ಗಾಲಿಗಳನ್ನು ಬಿಚ್ಚಿ ತೊಳೆದು ಒಣಗಲು ಇಟ್ಟಿದ್ದಾಗಲೇ ನಮ್ಮ ಅತ್ತೆಯವರಿಗೆ ಕಾಯಿಲೆ ಹೆಚ್ಚಾಯಿತೆಂದು ಅರಕಲಗೂಡಿನಿಂದ ಸುದ್ದಿ ಬಂದಿತು. "ನಾ ಬರೋಗಂಟ ಯಾರೂ ಮುಟ್ಬ್ಯಾಡಿ" ಎಂದು ತಿಳಿಸಿ ನಾವಿಬ್ಬರೂ ಹೊರಟೆವು. ಹಿಂದಿರುಗುವಷ್ಟರಲ್ಲಿ ಪೂಜೆ ಮುಗಿದಿತ್ತು. ಲಾರಿ ನಾಲ್ಕೂ ಕಡೆ ಬಾಳೆಕಂದು ಕಟ್ಟಿಸಿಕೊಂಡು, ಗಾಲಿಗಳ ಮೇಲೆ ನಿಂತಿತ್ತು.

"ಯಾರ್ ಕಟ್ಟಿದ್ದು ಸಾವ್ಕಾರ್ರೆ?" ಎಂದು ಇವರು ಕೇಳಿದರು.

"ನಮ್ಮ ಟ್ರ್ಯಾಕ್ಟ್ರು ಹುಡ್ಗನ ಕೈಲಿ ಕಟ್ಟಿಸ್ದೆ. ಕಾಲ್ ಮುರ್ಕೊಂಡು ಬಿದ್ದಿರೋ ಬಸವುಂಗೆ ಪೂಜೆ ಮಾಡ್ತಾರೇನ್ಲಾ ಯಾರಾದ್ರೂವೆ?"

"ಒಂದ್ ಗಳಿಗೆ ಬಿಚ್ಚಿ ನೋಡ್ಬುಡ್ತೀನಿ."

"ಪೂಜೆಯಾದ ಗಾಲಿ ಬಿಚ್ಬಾರ್ದು ಕಣ್ಲಾ! ಪಟ್ಟಣದಲ್ಲಿ ಕಾಯಿ ಲೋಡು ಕಾಯ್ತಾ ಕೂತದೆ, ಓಗು."

ಇವರು ಅಂಗಳದಲ್ಲೇ ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿದರು. ಬ್ರೇಕ್ ಹಿಡಿಯಿತು. ಹೊರಟರು.

ಚನ್ನರಾಯಪಟ್ಟಣದಿಂದ ತುಂಬು ಲೋಡಿನೊಂದಿಗೆ ಹಿಂದಿರುಗುವಾಗ, ಇಳಿಜಾರಿನಲ್ಲಿ ಗಾಲಿಗಳು ಕಾದು, ಹಿಂದಿನ ಬ್ರೇಕ್ ಹೊಗೆಯಾಡಿತು, ಹಿಡಿಯಲಿಲ್ಲ. ಲಾರಿ ರಸ್ತೆಬದಿಯ ಹುಣಸೆಮರಕ್ಕೆ ಬಡಿಯಿತು. ಇವರ ಕಾಲು ಮುರಿಯಿತು. ಬೇರೆ ಯಾರಿಗೂ ಅಪಾಯವಾಗಲಿಲ್ಲ. ಇವರು ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಅದೇ ಊರಿನ ವರ್ಕ್‌ಶಾಪಿನಲ್ಲಿ ಗಾಲಿಯನ್ನು ಬಿಚ್ಚಿದರು. ಒಳಗೆಲ್ಲ ಕೀಲೆಣ್ಣೆ. ಕಾವಿಗೆ ಕರಗಿ ಲೈನಿಂಗಿನ ಮೇಲೆಲ್ಲ ಹರಿದಿತ್ತಂತೆ. "ಯಾರಪ್ಪ ಇದ್ಕೆ ಹರಳೆಣ್ಣೆ ಹುಯ್ದ ಪುಣ್ಯಾತ್ಮ?" ಎಂದು ಮೇಸ್ತ್ರಿ ಕೇಳಿದಾಗ, ನೆರೆದ ಚಾಲಕರೆಲ್ಲರ ಎದುರಿನಲ್ಲಿ ಸಾಹುಕಾರರು ನೀಡಿದ ಉತ್ತರ ಇಷ್ಟೇ: "ಇನ್ಯಾರು? ದಿನಾ ಅದ್ರ ಹೊಟ್ಟೆ ಕೆಳಗೆ ಮಲಗ್ತಿದ್ದೋನು ಯಾರು?"

ತುಕ್ಕಿನ ಭಯಕ್ಕೆ ಇವರೇ ಬಳಿದಿರಬೇಕೆಂದು ಎಲ್ಲರೂ ನಂಬಿದರು. ನಂಬದಿರಲು ಕಾರಣವಾದರೂ ಏನಿತ್ತು? ಬ್ರೇಕಿನ ಬಗ್ಗೆ ಇವರಷ್ಟು ಚಿಂತೆ ಮಾಡಿದವರು ಆ ಸ್ಟ್ಯಾಂಡಿನಲ್ಲಿ ಬೇರೊಬ್ಬರಿರಲಿಲ್ಲ. ಇವರ ಎಚ್ಚರಿಕೆಯೇ ಇವರ ವಿರುದ್ಧದ ಸಾಕ್ಷಿಯಾಯಿತು. ಗಾಲಿ ಕಟ್ಟಿದ್ದ ಟ್ರ್ಯಾಕ್ಟರ್ ಚಾಲಕ ಸಾಹುಕಾರರ ಮನೆಯ ಆಳು. ಅವನು ಬಾಯಿ ಬಿಡಲಿಲ್ಲ.

ನಾನು ಸಾಹುಕಾರರ ಮನೆಗೆ ಹೋದೆ. ಅವರು ಯಾರದೋ ಹೊಸ ಟ್ರ್ಯಾಕ್ಟರಿಗೆ ಎಣ್ಣೆ ಮುಟ್ಟಿಸಲು ಮಡಿಪಂಚೆಯುಟ್ಟು ಹೊರಟು ನಿಂತಿದ್ದರು.

"ಸ್ಟ್ಯಾಂಡಲ್ಲಿ ನಾಕು ಜನದ ಮುಂದೆ ಒಂದು ಮಾತು ಹೇಳ್ಬಿಡಿ ಸಾವ್ಕಾರ್ರೆ. ಎಣ್ಣೆ ಹಚ್ಚಿದ್ದು ಅವರಲ್ಲ ಅಂತ. ನನಗೆ ಇನ್ನೇನೂ ಬೇಡ."

ಅವರು ಜಗಲಿಯ ಮೇಲೆ ಕುಳಿತರು. ಸುತ್ತ ಯಾರೂ ಇಲ್ಲವೆಂಬುದನ್ನು ನೋಡಿಕೊಂಡರು.

"ನಂಗೂ ಗೊತ್ತು ಕಣವ್ವ. ಬಿಚ್ಚಿಟ್ಟಿದ್ನಲ್ಲ, ತುಕ್ಕು ಹಿಡೀದಂಗಿರ್ಲಿ ಅಂತ ನಾನೇ ಕೈ ತುಂಬ ಬಳ್ದೆ. ಕೇಡು ಬಯಸಿ ಬಳೀಲಿಲ್ಲ. ಆದ್ರೆ ಇದ್ನ ಆಡ್ಬುಟ್ರೆ ನಾಳೀಕೆ ಯಾವನು ಈ ಕೈಲಿ ಎಣ್ಣೆ ಇಕ್ಕಿಸ್ಕತಾನೆ? ನಮ್ಮಪ್ಪನ ಕಾಲದಿಂದ ಬಂದಿರೋ ಕೈ ಇದು."

"ಅವರಿಗೆ ಇನ್ಯಾರು ಲಾರಿ ಕೊಡ್ತಾರೆ?"

"ಆಸ್ಪತ್ರೆ ನಾನ್ ನೋಡ್ಕತೀನಿ. ಅವ್ನ ಕಾಲಿಗೆ ನಾನಿವ್ನಿ ಕಣವ್ವ. ನನ್ನ ಹೆಸ್ರಿಗೆ ಯಾರವ್ರೆ?"

ಹಾಗೆಂದು ಎದ್ದು, ಟ್ರ್ಯಾಕ್ಟರಿನ ಪೂಜೆಗೆ ಹೊರಟುಹೋದರು. ಆಸ್ಪತ್ರೆಯ ವೆಚ್ಚವನ್ನು ಅವರೇ ಭರಿಸಿದರೆಂಬುದನ್ನೂ ಇಲ್ಲಿ ದಾಖಲಿಸುವುದು ನ್ಯಾಯ. ಅಂದು ಅವರ ಮೇಲೆ ನನಗೆ ಹುಟ್ಟಿದ ಕಹಿ ಮಾತ್ರ ಇಂದಿಗೂ ಹೋಗಿಲ್ಲ.

ಆಸ್ಪತ್ರೆಗೆ ಹಿಂದಿರುಗಿ ಅವರಾಡಿದ ಮಾತನ್ನು ಇವರಿಗೆ ಯಥಾವತ್ತಾಗಿ ತಿಳಿಸಿದೆ. ಇವರು ಗೋಡೆಯ ಕಡೆಗೆ ಹೊರಳಿ, "ನನ್ನ ಸಮಾಧಾನಕ್ಕೆ ಹೇಳ್ತೀಯ ಬಿಡು" ಎಂದರು.

ಕಾಲು ಕೂಡಿತು. ಆದರೆ ಲಾರಿ ಕೊಡುವವರು ಯಾರೂ ಸಿಗಲಿಲ್ಲ. "ಎಣ್ಣೆ ಸೀಸೆ ಮನೇಲಿ ಮಡಗಿ ಬಂದಿದ್ದೀಯೇನಣ್ಣ?" ಎಂದು ಕೇಳುವವರು ಸಿಕ್ಕರು. ಕೊನೆಗೆ ಚನ್ನರಾಯಪಟ್ಟಣದ ತೆಂಗಿನ ಮಂಡಿಯೊಂದರಲ್ಲಿ ಕಾವಲುಗಾರರಾದರು. ಮಳೆಯಲ್ಲಿ ನಿಂತ ಲಾರಿಗಳ ಗಾಲಿಗೆ ಇವರು ಕಲ್ಲು ಕೊಡಲು ಹೋದರೆ ಚಾಲಕರು, "ನೀನೊಬ್ಬ ಮುಟ್ಬ್ಯಾಡ ಕಣಣ್ಣೋ" ಎಂದು ಕೈಮುಗಿಯುತ್ತಿದ್ದರಂತೆ.

ಎರಡು ಸಾವಿರದ ಇಸವಿ ಕಳೆದ ಕೆಲವು ವರ್ಷಗಳಲ್ಲಿ ಸಾಹುಕಾರರು ತೀರಿಕೊಂಡರು. ಟ್ರ್ಯಾಕ್ಟರುಗಳು ಸಾಲುಗಟ್ಟಿ ಬಂದಿದ್ದವು. ನನ್ನ ಪತಿಯವರು ಕುಂಟುತ್ತಲೇ ಸ್ಮಶಾನದವರೆಗೂ ನಡೆದರು. ನಾನು ಹೋಗಲಿಲ್ಲ... ಹೋಗಬೇಕೆನಿಸಲೂ ಇಲ್ಲ.

ಈಗ ಇವರು ನಿವೃತ್ತರಾಗಿ ಮನೆಯಲ್ಲಿಯೇ ಇದ್ದಾರೆ. ನಿನ್ನೆ ಸಂಜೆ ಜಗಲಿಯಲ್ಲಿ ಈ ಲೇಖನವನ್ನು ಇಲ್ಲಿಯವರೆಗೆ ಇವರಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಸಾವ್ಕಾರ್ರ ಹೆಸರು ಹಾಕ್ಬ್ಯಾಡ ಕಣೆ. ಆ ಕೈಯಿಂದ ಒಳ್ಳೇದಾಯ್ತು ಅನ್ನೋ ಮನೆ ಎಷ್ಟೋ ಅವೆ" ಎಂದರು. ನಾನು ಹಾಕಿಲ್ಲ.

ದೀಪ ಹಚ್ಚಿ ಹೊರಬಂದಾಗ ಇವರು ಇನ್ನೂ ಅಲ್ಲಿಯೇ ಕುಳಿತು ತಮ್ಮ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು.

"ಗಾಲಿ ಬಿಚ್ಚಿದ ದಿನ ಆ ಲೈನಿಂಗ್‌ನ ಒರೆಸಿದ್ನಲ್ಲ... ಸಾವ್ಕಾರ್ರ ಎಣ್ಣೆ ಬಟ್ಟೇಲೇ ಒರೆಸ್ಬುಟ್ನೇನೋ ಕಣೆ. ಅವ್ರೇ ಬಳ್ದಿದ್ದು ಅಂತ ನಿಂಗೆ ಖಂಡಿತಾನಾ?"

"ಖಂಡಿತ. ನನ್ನ ಮುಂದೇನೇ ಹೇಳಿದ್ರು" ಎಂದೆ.

ಇವರು ತಲೆಯಾಡಿಸಿದರು. ನಂಬಿದಂತೆ ಕಾಣಲಿಲ್ಲ.