ಜೂನ್ ಒಂದರಂದು ಹುಟ್ಟದವಳ ಖಾತೆ

ಆಗುವುದೇ ಇಲ್ಲ ಎಂದವರು ನನ್ನ ಕಾಕಾ, ಅಪ್ಪನ ತಮ್ಮ. ನಾನು ಹತ್ತನೆಯ ತರಗತಿ ದಾಟುವುದಿಲ್ಲ ಎಂದಿದ್ದರು, ದಾಟಿದೆ. ನಮ್ಮ ಮನೆತನದ ಹೆಣ್ಣುಮಗಳು ಪದವಿಯ ಮುಖ ನೋಡುವುದಿಲ್ಲ ಎಂದಿದ್ದರು, ನೋಡಿದೆ. ಮೂರನೆಯ ಸಲ, ಕಳವಾದ ನನ್ನ ಜಾಲತಾಣದ ಖಾತೆ ತಿರುಗಿ ಬರುವುದಿಲ್ಲ ಎಂದಾಗ ಮಾತ್ರ, ಈ ಸಲ ಅವರೇ ಗೆದ್ದರು ಎಂದು ನನಗೂ ಅನ್ನಿಸಿತ್ತು.

ಅಪ್ಪ ಮತ್ತು ಕಾಕಾ ಬೀದರ್ ಕಡೆಯಿಂದ ಗೌಂಡಿ ಕೆಲಸಕ್ಕೆಂದು ಛತ್ರಪತಿ ಸಂಭಾಜಿನಗರಕ್ಕೆ ಬಂದವರು. ಗೋಡೆ ಕಟ್ಟುವುದು ಬಿಟ್ಟರೆ ಇಬ್ಬರಿಗೂ ಬೇರೆ ವಿದ್ಯೆ ಇರಲಿಲ್ಲ. ನಾನು ಹುಟ್ಟಿದ್ದು ಅಲ್ಲೇ, ಬಾಡಿಗೆಯ ಒಂದೇ ಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ನಾನು ಮೂರನೆಯ ತರಗತಿಯಲ್ಲಿದ್ದಾಗ ನಾವು ನಾಸಿಕ್‌ಗೆ ಬಂದೆವು, ಕಾಕಾ ಅಲ್ಲೇ ಉಳಿದರು. ಅಪ್ಪ ಹೆಬ್ಬೆಟ್ಟಿನ ಮನುಷ್ಯ. ನಾನು ಹತ್ತನೆಯ ತರಗತಿಯಲ್ಲಿದ್ದಾಗ ತೀರಿಕೊಂಡ. ಆಮೇಲೆ ಅವ್ವ ಮಂದಿಯ ಮನೆಯ ಭಾಂಡೆ ತಿಕ್ಕಿ ನನ್ನನ್ನು ಓದಿಸಿದಳು.

ಈಗ ನಾನು ನಾಸಿಕ್‌ನ ಒಂದು ಕಾಲೇಜಿನ ಕಚೇರಿಯಲ್ಲಿ ಕ್ಲರ್ಕ್. ಪ್ರವೇಶದ ಅರ್ಜಿ ನೋಡುವುದೇ ಕೆಲಸ. ಹಾಗಾಗಿ ನಮ್ಮ ಕಡೆಯಿಂದ ಬಂದು ನೆಲೆಸಿದವರ ಮನೆಯ ಹುಡುಗಿಯರಿಗೆ ಯಾವ ಫಾರ್ಮ್ ಯಾವಾಗ ತುಂಬಬೇಕು, ಯಾವ ವಿದ್ಯಾರ್ಥಿವೇತನಕ್ಕೆ ಏನು ಬೇಕು ಎಂದು ನನ್ನ ಖಾತೆಯಲ್ಲಿ ಬರೆಯುತ್ತಿದ್ದೆ. ಅವರಿಗೆಲ್ಲ ನಾನು ಅಕ್ಕ. ಅಕ್ಕ ಹೇಳಿದಳೆಂದರೆ ಎರಡನೆಯ ಮಾತು ಕೇಳುತ್ತಿರಲಿಲ್ಲ. ಕಳ್ಳನಿಗೆ ಬೇಕಾಗಿದ್ದೂ ಅದೇ.

ಪ್ರವೇಶದ ಗದ್ದಲದ ದಿನ. ಕಿಟಕಿಯ ಮುಂದೆ ಸಾಲು ನಿಂತಿತ್ತು. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳತಿಯ ಖಾತೆಯಿಂದ ಮರಾಠಿಯಲ್ಲಿ ಒಂದು ಸಂದೇಶ ಬಂತು: ನನ್ನ ಫೋನ್ ಕೆಟ್ಟಿದೆ, ನಿನ್ನ ನಂಬರಿಗೆ ಒಂದು ಕೋಡ್ ಬರುತ್ತದೆ, ಬೇಗ ಕಳಿಸು. ಯಾರಿಗೂ ಕೋಡ್ ಕೊಡಬೇಡಿ ಎಂದು ಅದೇ ಕಿಟಕಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವವಳು ನಾನು. ಒಂದು ಕೈಯಲ್ಲಿ ಠಸ್ಸೆ ಹೊಡೆಯುತ್ತ ಇನ್ನೊಂದು ಕೈಯಲ್ಲಿ ಕೋಡ್ ಕಳಿಸಿದೆ. ಗೆಳತಿಯ ಖಾತೆ ಹಿಂದಿನ ದಿನವೇ ಕಳವಾಗಿತ್ತು ಎಂದು ತಿಳಿಯುವ ಹೊತ್ತಿಗೆ ನನ್ನದರ ಪಾಸ್‌ವರ್ಡ್, ಫೋನ್ ನಂಬರ್, ಇಮೇಲ್ ಮೂರೂ ಬದಲಾಗಿದ್ದವು.

ಮರುದಿನ ನನ್ನ ಹೆಸರಿನಲ್ಲಿ, ಮನೆಯಲ್ಲೇ ಕುಳಿತು ಗಳಿಸಿ ಎಂಬ ಲಿಂಕ್ ಹುಡುಗಿಯರಿಗೆಲ್ಲ ಹೋಯಿತು. ಮೊದಲು ಒತ್ತಿದವಳು ಕಾಕಾನ ಮಗಳು. ಹನ್ನೆರಡನೆಯ ತರಗತಿ ಮುಗಿಸಿ, ನಮ್ಮ ಮನೆಯಲ್ಲಿದ್ದುಕೊಂಡು ನಾಸಿಕ್‌ನಲ್ಲಿ ಕಾಲೇಜು ಓದಬೇಕೆಂದು ಕಾದಿದ್ದ ಹುಡುಗಿ. ಅವಳ ಖಾತೆಯಿಂದ ಫೋಟೋ ತೆಗೆದು ಆ ಜಾಹೀರಾತಿಗೆ ಅಂಟಿಸಿ, ನನ್ನ ಖಾತೆಯಲ್ಲೇ ಹಾಕಿಬಿಟ್ಟಿದ್ದರು.

ಸಂಜೆ ಕಾಕಾನ ಫೋನ್ ಬಂತು.

“ಏನ್ರಿ ಗ್ರ್ಯಾಜುಯೇಟ್ ಬಾಯಾರ,” ಎಂದರು. ಸಿಟ್ಟು ಬಂದಾಗ ಮಾತ್ರ ನನಗೆ ಬಹುವಚನ. “ಊರ ಮಂದಿಗೆಲ್ಲ ಶಾಣ್ಯಾತನ ಹೇಳ್ತಿದ್ರಿ. ನನ್ನ ಮಗಳ ಫೋಟೋ ನಾ ಕೆಲಸದ ಮ್ಯಾಲಿನ ಮಂದಿ ಮೊಬೈಲ್‌ನಾಗ ನೋಡಿ ಬಂದೀನಿ.”

“ತಪ್ಪು ನಂದದ ಕಾಕಾ, ಆಕಿದೇನೂ ಇಲ್ಲ. ಖಾತೆ ವಾಪಸ್ ತಗೊಂಡು ಎಲ್ಲಾ ತಗೀತೀನ್ರಿ.”

“ಯಾವಾಗ?”

“ಎರಡ ದಿನದಾಗ.”

“ಬರಂಗಿಲ್ಲ ಅದು. ಕಳುವಾದದ್ದು ಯಾವಾಗರೆ ತಿರುಗಿ ಬಂದದೇನು? ಆಕಿ ಫೋನ್ ಕಸಗೊಂಡೀನಿ. ಆ ಫೋಟೋ ಹೋಗೋ ತನಕ ಕಾಲೇಜಿಲ್ಲ, ನಾಸಿಕ್ಕೂ ಇಲ್ಲ. ಫಾರ್ಮಿಗೆ ನಾ ಸಹಿ ಮಾಡಂಗಿಲ್ಲ.”

ಫಾರ್ಮಿನ ಕೊನೆಯ ದಿನಕ್ಕೆ ಒಂಬತ್ತು ದಿನ ಉಳಿದಿತ್ತು.

ಸೈಬರ್ ಠಾಣೆಗೆ ಹೋಗಿ ದೂರು ಕೊಟ್ಟೆ. ಅವರು ಬರೆದುಕೊಂಡು, ಖಾತೆ ತಿರುಗಿ ಕೊಡುವುದು ಆ್ಯಪ್‌ನವರ ಕೈಯಲ್ಲಿದೆ, ಅಲ್ಲಿ ಗುರುತಿನ ಪತ್ರ ಹಾಕಿ ಎಂದರು. ಗುರುತಿನ ಪತ್ರಕ್ಕೇನು ಬರ? ಆಧಾರ್ ಹಾಕಿದೆ. ಹೆಸರು ಸರಿ, ಹುಟ್ಟಿದ ದಿನಾಂಕ ಹೊಂದುತ್ತಿಲ್ಲ ಎಂದು ಉತ್ತರ ಬಂತು. ಪ್ಯಾನ್ ಹಾಕಿದೆ. ಹೊಂದುತ್ತಿಲ್ಲ. ನನ್ನ ತಪ್ಪಿಗೆ ಇನ್ನೊಂದು ಹಳೆಯ ಬೇರಿದೆ ಎಂದು ಆಗ ತಿಳಿಯಿತು.

ನನ್ನ ಎಲ್ಲ ಕಾಗದಗಳಲ್ಲೂ ನಾನು ಹುಟ್ಟಿದ್ದು ಜೂನ್ ಒಂದರಂದು. ನಮ್ಮಂಥ ಮನೆಯ ಮಕ್ಕಳೆಲ್ಲ ಜೂನ್ ಒಂದರಂದೇ ಹುಟ್ಟುತ್ತಾರೆ. ನನ್ನನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದವರು ಕಾಕಾ. ದಿನಾಂಕ ಕೇಳಿದಾಗ ಅವರು ಮಾಸ್ತರ ಮುಖ ನೋಡಿದರು, ಮಾಸ್ತರು ತಾವೇ ಜೂನ್ ಒಂದು ಎಂದು ಬರೆದುಕೊಂಡರು. ಆದರೆ ಅವ್ವನ ಲೆಕ್ಕ ಬೇರೆ. ನಾಗಪಂಚಮಿಯ ಮರುದಿನ, ಜೋಕಾಲಿಯ ಹಗ್ಗ ಬಿಚ್ಚುವ ಹೊತ್ತಿಗೆ ನೋವು ಬಂತು ಎನ್ನುತ್ತಿದ್ದಳು. ಪದವಿಯ ಮೊದಲ ವರ್ಷದಲ್ಲಿ ಹಳೆಯ ಪಂಚಾಂಗ ಹುಡುಕಿ ಆ ದಿನಾಂಕ ತೆಗೆದು, ಖಾತೆ ತೆರೆಯುವಾಗ ಅದನ್ನೇ ಹಾಕಿದ್ದೆ. ಇಡೀ ಲೋಕದಲ್ಲಿ ಅವ್ವನ ಮಾತು ದಾಖಲಾಗಿದ್ದು ಅದೊಂದೇ ಕಡೆ. ಈಗ ಅದಕ್ಕೆ ಪುರಾವೆ ತಾ ಎನ್ನುತ್ತಿದ್ದರು.

ಹತ್ತನೆಯ ತರಗತಿಯ ಪ್ರಮಾಣಪತ್ರ ಹಾಕಿದೆ. ಬೇರೆ ದಾರಿಯಿಲ್ಲದೆ ಪದವಿ ಪ್ರಮಾಣಪತ್ರವನ್ನೂ ಹಾಕಿದೆ. ಅದರಲ್ಲಿ ಹುಟ್ಟಿದ ದಿನಾಂಕವೇ ಇಲ್ಲ. ಅಷ್ಟು ಕಷ್ಟಪಟ್ಟು ಗಳಿಸಿ, ಗಾಜು ಹಾಕಿಸಿ ಗೋಡೆಗೆ ತೂಗಿದ ಕಾಗದ, ನಾನು ನಾನೇ ಎಂದು ಹೇಳಲು ಉಪಯೋಗಕ್ಕೆ ಬರಲಿಲ್ಲ. ಐದು ದಿನ ಹೀಗೇ ಹೋಯಿತು. ಅತ್ತ ಕಳ್ಳ ಕಾಕಾನ ಮಗಳ ಫೋಟೋ ಬದಲಿಸಿ ಬದಲಿಸಿ ಹಾಕುತ್ತಿದ್ದ. ಕಚೇರಿಯಲ್ಲಿ ಡಬ್ಬಿ ಬಿಚ್ಚದೆ ವಾಪಸ್ ತರುತ್ತಿದ್ದೆ. ಹುಡುಗಿಯರು ನನ್ನ ಫೋನ್ ಎತ್ತುವುದನ್ನೂ ಬಿಟ್ಟರು; ನಾನು ನಾನೋ ಕಳ್ಳನೋ ಅವರಿಗೆ ಹೇಗೆ ಗೊತ್ತಾಗಬೇಕು?

“ನಂದೇ ತಪ್ಪವ್ವ,” ಎಂದಳು ಅವ್ವ. “ನಾ ಆ ದಿನ ನಿನಗ ಹೇಳಲೇಬಾರ್ದಿತ್ತು.”

ಆ ಮಾತು ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ರಜೆ ಹಾಕಿ ಬಸ್ ಹತ್ತಿ ಸಂಭಾಜಿನಗರಕ್ಕೆ ಹೋದೆ. ಜನನ ದಾಖಲೆ ಹುಡುಕಲು ಬಂದಿದ್ದೇನೆ ಎಂದಾಗ ಕಾಕಾ ಚಹಾದ ಬಸಿ ಕೆಳಗಿಟ್ಟರು.

“ಮನ್ಯಾಗ ಹುಟ್ಟಿದವರ ದಾಖಲಿ ಎಲ್ಲಿರ್ತದ? ಯಾರು ಬರಸ್ಯಾರ ಅದನ್ನ? ತಿರುಗಿ ಹೋಗು.”

ಅವರ ಮಗಳು ಬಾಗಿಲ ಬಳಿ ನಿಂತಿದ್ದಳು. ಕಣ್ಣು ಬಾತಿದ್ದವು. ನನ್ನನ್ನು ನೋಡಿ ಒಳಗೆ ಹೋದಳು.

ಮಹಾನಗರಪಾಲಿಕೆಯ ಜನನ-ಮರಣ ವಿಭಾಗದಲ್ಲಿ ಕನ್ನಡಕದ ಒಬ್ಬ ಹೆಂಗಸು ಇದ್ದರು, ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ನನ್ನ ಮರಾಠಿ ಕೇಳಿ, ಅರ್ಜಿ ನೋಡಿ, ಆ ವಾರದ ಪುಟಗಳನ್ನೆಲ್ಲ ತಿರುವಿದರು. ಇಲ್ಲ. ಮುಂದಿನ ವಾರ ನೋಡಿದರು. ಇಲ್ಲ. ನನ್ನ ಹಿಂದೆ ಇದ್ದವರು ಗೊಣಗತೊಡಗಿದರು. ನಾನು ಪಕ್ಕಕ್ಕೆ ಸರಿದು ಅವ್ವನಿಗೆ ಫೋನ್ ಮಾಡಿದೆ.

“ಅಪ್ಪ ಬರಸಲಿಕ್ಕೆ ಹೋಗಿದ್ನೇನವ್ವ?”

“ನನಗ ಗೊತ್ತಿಲ್ಲ. ನಾ ಬಾಣಂತಿ, ಮೂಲ್ಯಾಗ ಮಲಗಿದ್ದೆ.” ಆಮೇಲೆ ನೆನಪಿಸಿಕೊಂಡು ಹೇಳಿದಳು, “ಹೋಗಿದ್ರೂ ತೊಟ್ಟಿಲಾದ ಮ್ಯಾಲೇ ಹೋಗಿರ್ಬೇಕು. ಹೆಸರಿಡೋಕಿಂತ ಮುಂಚೆ ಹೋಗಿ ಯಾರಂತ ಬರಸ್ತಾನ? ನಿನ್ನ ತೊಟ್ಟಿಲು ತಡಾ ಆಗಿತ್ತು, ಊರಿಂದ ಮುದುಕಿ, ನಿಮ್ಮ ಆಯಿ, ಬರೋದು ತಡಾ ಆಯ್ತು.”

ಪುಸ್ತಕದಲ್ಲಿ ಬರೆಯುವುದು ಬರೆಸಿದ ದಿನದ ಸಾಲಿನಂತೆ, ಹುಟ್ಟಿದ ದಿನದಂತಲ್ಲ. ಬಾಯಿಗೆ ಹೇಳಿದೆ. ಅವರು ಇನ್ನೂ ಒಂದು ವಾರ ಮುಂದೆ ತಿರುವಿದರು. ಬೆರಳು ಒಂದು ಸಾಲಿನ ಮೇಲೆ ನಿಂತಿತು.

“ಹೇ ಬಘಾ,” ಎಂದರು. ಇದು ನೋಡಿ.

ಅವ್ವನ ದಿನಾಂಕ. ನನ್ನ ಹೆಸರು. ಮಾಹಿತಿ ಕೊಟ್ಟವರ ಸಹಿ ಇರಬೇಕಾದಲ್ಲಿ ಒಂದು ಹೆಬ್ಬೆಟ್ಟು. ಶಾಯಿ ಹೆಚ್ಚಾಗಿ ಗೆರೆಗಳು ಕಲಸಿಹೋಗಿದ್ದವು. ಸುಣ್ಣ, ಸಿಮೆಂಟು ತಿಂದ ಬೆರಳಲ್ಲಿ ಗೆರೆ ಎಲ್ಲಿ ಉಳಿದಾವು? ನಾನು ಅದರ ಮೇಲೆ ಬೆರಳಿಡಲು ಹೋದೆ. ಬಾಯಿ ಪುಸ್ತಕ ಸರಿಸಿದರು, ಆಮೇಲೆ ಏನನ್ನಿಸಿತೋ, ಮತ್ತೆ ನನ್ನ ಕಡೆ ತಿರುಗಿಸಿದರು.

ಮರುದಿನ ಪ್ರಮಾಣಪತ್ರ ಕೈಗೆ ಬಂತು. ಅಲ್ಲೇ ಹೊರಗಿನ ಬೆಂಚಿನ ಮೇಲೆ ಕುಳಿತು ಫೋಟೋ ತೆಗೆದು ಕಳಿಸಿದೆ. ಎರಡು ದಿನ ಉತ್ತರವಿಲ್ಲ. ಕಾಕಾನ ಮನೆಯಲ್ಲಿ ಅವರು ಊಟಕ್ಕೆ ಕುಳಿತರೆ ನಾನು ಹೊರಗೆ, ನಾನು ಕುಳಿತರೆ ಅವರು ಹೊರಗೆ. ಫಾರ್ಮಿಗೆ ಒಂದೇ ದಿನ ಉಳಿದಿದ್ದ ಭಾನುವಾರ ಬೆಳಿಗ್ಗೆ ಫೋನ್ ಟಿಣ್ ಎಂದಿತು. ಹೊಸ ಪಾಸ್‌ವರ್ಡ್ ಹಾಕಿಕೊಳ್ಳಿ ಎಂಬ ಲಿಂಕ್ ಬಂದಿತ್ತು. ಅದು ಅಸಲಿಯೋ ನಕಲಿಯೋ ಎಂದು ಮೂರು ಸಲ ವಿಳಾಸ ನೋಡಿದ ಮೇಲೆ ಒತ್ತಿದೆ.

ಒಳಗೆ ಹೋದವಳೇ ಫೋಟೋಗಳನ್ನು ಅಳಿಸಿದೆ. ಕಳ್ಳನ ನಂಬರ್, ಇಮೇಲ್ ತೆಗೆದೆ, ಬೇರೆ ಫೋನುಗಳಲ್ಲಿ ತೆರೆದಿದ್ದನ್ನೆಲ್ಲ ಮುಚ್ಚಿದೆ, ಎರಡನೆಯ ಬೀಗದಂತೆ ಇನ್ನೊಂದು ಹಂತದ ತಪಾಸಣೆ ಹಾಕಿದೆ. ತುರ್ತಿಗೆ ಕೊಟ್ಟ ಕೋಡುಗಳನ್ನು ಫೋನಿನಲ್ಲಿಡದೆ ಕಾಗದದ ಮೇಲೆ ಬರೆದುಕೊಂಡೆ. ಹುಡುಗಿಯರಿಗೆ ನಡೆದದ್ದನ್ನು ಮುಚ್ಚಿಡದೆ ಬರೆದೆ: ನಾನೇ ಮೋಸ ಹೋದೆ; ಇನ್ನು ಮೇಲೆ ನನ್ನ ಹೆಸರಿನಲ್ಲೇ ಯಾರಾದರೂ ಕೋಡ್ ಕೇಳಿದರೂ ಕೊಡಬೇಡಿ, ಫೋನ್ ಮಾಡಿ ನನ್ನ ದನಿ ಕೇಳಿ. ಕಾಕಾನ ಮಗಳು ನನ್ನ ಪಕ್ಕದಲ್ಲಿ ಕುಳಿತು, ತನ್ನ ಫೋಟೋ ಇದ್ದ ಜಾಗ ಖಾಲಿಯಾಗಿದ್ದನ್ನು ನೋಡಿದಳು. ಆಮೇಲೆ ತಂದೆಯ ಮುಂದೆ ಫೋನ್ ಹಿಡಿದಳು. ಅವರು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ನೋಡಿದರು.

“ಹ್ಯಾಂಗ ಬಂತು?” ಎಂದರು.

ನಾನು ಪ್ರಮಾಣಪತ್ರವನ್ನೂ, ಪಾಲಿಕೆಯ ಬಾಯಿ ಕೊಟ್ಟಿದ್ದ ಆ ಪುಟದ ನಕಲನ್ನೂ ಅವರ ಕೈಗಿಟ್ಟೆ. ಓದಲು ಬಾರದ ಕಾಕಾ ಅಕ್ಷರಗಳನ್ನು ಬಿಟ್ಟು ಹೆಬ್ಬೆಟ್ಟನ್ನು ನೋಡಿದರು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಬ್ಯಾಡ ಅಂದಿದ್ದೆ ನಾ,” ಎಂದರು. “ಹೆಣ್ಣು ಹುಟ್ಯದ, ಅದನ್ನ ಬರಸಲಿಕ್ಕೆ ಯಾಕ ಕೆಲಸ ಬಿಟ್ಟು ಹೋಗ್ತಿ ಅಂತ. ಹೂಂ ಅಂದಿದ್ದ. ಇಷ್ಟು ವರ್ಷ ನಾ ಅಣ್ಣ ಹೋಗಿಲ್ಲಂತ್ಲೇ ತಿಳ್ಕೊಂಡಿದ್ದೆ.” ಕಾಗದವನ್ನು ನನಗೆ ಕೊಡದೆ ಮಗಳ ಕೈಗೆ ಕೊಟ್ಟರು. “ಸುರುಳಿ ಮಾಡಬ್ಯಾಡ, ಸರಳ ಇಡು. ಎಲ್ಲಿ ಅದ ನಿನ್ನ ಫಾರ್ಮ್, ತಾ. ಸಹಿ ಎಲ್ಲಿ ಮಾಡ್ಬೇಕು ಅಕ್ಕನ್ನ ಕೇಳು.”